ಮಳೆಗಾಲದ ಮನೆಯಲ್ಲಿ ಬೂಷ್ಟು: ಮೊದಲು ನೀರಿನ ದಾರಿ ಹುಡುಕಿ, ಆಮೇಲೆ ಗೋಡೆ ಒರೆಸಿ

ಕರಾವಳಿ ಮತ್ತು ಮಲೆನಾಡಿನ ಮನೆಗಳಲ್ಲಿ ಜುಲೈ ತಿಂಗಳ ನಡುವಿಗೆ ಬರುವಷ್ಟರಲ್ಲಿ ಒಂದು ವಾಸನೆ ಏಳುತ್ತದೆ. ಬೀರುವಿನ ಬಾಗಿಲು ತೆರೆದೊಡನೆ ಅದು ಮೂಗಿಗೆ ತಾಗುತ್ತದೆ. ಆಮೇಲೆ ಚರ್ಮದ ಚಪ್ಪಲಿಯ ಪಟ್ಟಿಯ ಮೇಲೆ ಬಿಳಿಯ ಹುಡಿ, ರೇಷ್ಮೆ ಸೀರೆಯ ಮಡಿಕೆಯಲ್ಲಿ ಹಳದಿ ಚುಕ್ಕೆ, ಮಲಗುವ ಕೋಣೆಯ ಪಡುವಣ ಗೋಡೆಯ ಮೂಲೆಯಲ್ಲಿ ಕಪ್ಪು ಮಚ್ಚೆ ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ. ವರ್ಷಕ್ಕೆ 3,500 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಮಂಗಳೂರಿನಲ್ಲಾಗಲಿ, 7,000 ಮಿಲಿಮೀಟರನ್ನೂ ಮೀರುವ ಆಗುಂಬೆಯಲ್ಲಾಗಲಿ ಬೂಷ್ಟು ಬರುವುದು ಸಹಜವೆಂದು ಹೆಚ್ಚಿನವರು ಸುಮ್ಮನಾಗುತ್ತಾರೆ. ಅದು ಸಹಜವೇ, ಆದರೆ ಅನಿವಾರ್ಯವಲ್ಲ.

ನಮ್ಮ ಮನೆಯಲ್ಲಿ ಒಂದೇ ಗೋಡೆಗೆ ಸತತ ಎರಡು ಬೇಸಿಗೆಗಳಲ್ಲಿ ಬೂಷ್ಟು ನಿರೋಧಕ ಬಣ್ಣ ಹೊಡೆಸಿದೆವು. ಎರಡು ಮಳೆಗಾಲದಲ್ಲಿಯೂ ಅದೇ ಜಾಗದಲ್ಲಿ, ಹೆಚ್ಚುಕಡಿಮೆ ಅದೇ ಆಕಾರದಲ್ಲಿ ಮಚ್ಚೆ ಮರಳಿ ಬಂತು. ಮೂರನೆಯ ವರ್ಷ ಗೋಡೆಯ ಆಚೆಗಿನ ಬಚ್ಚಲಿನ ಟೈಲ್ಸ್ ಎಬ್ಬಿಸಿ ನೋಡಿದಾಗ ಒಳಗಿನ ಪೈಪಿನ ಒಂದು ಜೋಡಣೆ ಹನಿಹನಿಯಾಗಿ ಸೋರುತ್ತಿತ್ತು. ಅದನ್ನು ಸರಿಪಡಿಸಿದ ಮೇಲೆ ಹಳೆಯ ಬಣ್ಣವೇ ಸಾಕಾಯಿತು. ಬೂಷ್ಟನ್ನು ಕೊಲ್ಲುವುದಕ್ಕಿಂತ ಮೊದಲು ಅದಕ್ಕೆ ನೀರು ಕೊಡುತ್ತಿರುವುದು ಯಾವುದು ಎಂದು ಹುಡುಕಬೇಕೆಂಬುದು ನನಗೆ ಅಂದು ಮನದಟ್ಟಾಯಿತು. ಈ ಲೇಖನದ ಕ್ರಮವೂ ಅದೇ.

ಬೂಷ್ಟಿಗೆ ಬೇಕಾದದ್ದು ಏನು

ಬೂಷ್ಟು ಎಂಬುದು ಶಿಲೀಂಧ್ರ. ಅದರ ಬೀಜಕಣಗಳು ಎಲ್ಲ ಮನೆಗಳ ಗಾಳಿಯಲ್ಲಿಯೂ ಯಾವಾಗಲೂ ಇರುತ್ತವೆ. ಅವುಗಳನ್ನು ಪೂರ್ತಿಯಾಗಿ ಹೊರಗಿಡಲು ಯಾರಿಂದಲೂ ಸಾಧ್ಯವಿಲ್ಲ. ಅದಕ್ಕೆ ಬೇಕಾದ ಆಹಾರವೂ ಮನೆಯ ತುಂಬ ಇದೆ: ಮರ, ಪ್ಲೈವುಡ್, ಕಾಗದ, ಹತ್ತಿ, ಚರ್ಮ, ಬಣ್ಣದೊಳಗಿನ ಅಂಟು, ಗೋಡೆಗೆ ಮೆತ್ತಿದ ಧೂಳು, ಬಚ್ಚಲಿನ ಸೋಪಿನ ಜಿಡ್ಡು. ನಮ್ಮ ಹವೆಯ ಉಷ್ಣಾಂಶವಂತೂ ವರ್ಷವಿಡೀ ಅದಕ್ಕೆ ಹಿತವಾಗಿಯೇ ಇರುತ್ತದೆ. ಹೀಗಿರುವಾಗ ನಮ್ಮ ಕೈಯಲ್ಲಿ ಉಳಿಯುವುದು ತೇವವೊಂದೇ. ಗೋಡೆಯ ಅಥವಾ ವಸ್ತುವಿನ ಮೈಗೆ ತಾಗಿದ ಗಾಳಿಯ ಆರ್ದ್ರತೆ ಶೇಕಡ 80ನ್ನು ಮೀರಿ ಹಲವು ದಿನ ಹಾಗೆಯೇ ನಿಂತರೆ ಬೂಷ್ಟು ಹಿಡಿಯುತ್ತದೆ. ಮನೆಯೊಳಗಿನ ಆರ್ದ್ರತೆ ಶೇಕಡ 60ರ ಕೆಳಗಿದ್ದರೆ ಅದಕ್ಕೆ ಹೆಚ್ಚಿನ ಅವಕಾಶವಿಲ್ಲ. ಒದ್ದೆಯಾದ ಹಾಸಿಗೆ, ಚಾಪೆ, ಪುಸ್ತಕ ಮುಂತಾದವುಗಳನ್ನು 24ರಿಂದ 48 ಗಂಟೆಗಳೊಳಗೆ ಒಣಗಿಸಿದರೆ ಸಾಮಾನ್ಯವಾಗಿ ಅವು ಉಳಿಯುತ್ತವೆ.

ಮಳೆಗಾಲದಲ್ಲಿ ನಮ್ಮ ಕಡೆ ಹೊರಗಿನ ಗಾಳಿಯ ಆರ್ದ್ರತೆಯೇ ದಿನಗಟ್ಟಲೆ ಶೇಕಡ 85ರಿಂದ 95ರವರೆಗೆ ಇರುತ್ತದೆ. ಹಳೆಯ ಮನೆಗಳು ಇದನ್ನು ತಾಳಿಕೊಂಡದ್ದು ಹೇಗೆಂದು ಯೋಚಿಸಿದರೆ ಪರಿಹಾರದ ಅರ್ಧ ಭಾಗ ಅಲ್ಲಿಯೇ ಸಿಗುತ್ತದೆ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಮನೆಮನೆಗೆ ತಲುಪಿದ ಹಂಚಿನ ಮಾಡು ಸಂದುಗಳ ಮೂಲಕ ಉಸಿರಾಡುತ್ತಿತ್ತು; ಉದ್ದನೆಯ ಸೂರು ಗೋಡೆಗೆ ಇರಿಚಲು ಬಡಿಯದಂತೆ ಕಾಯುತ್ತಿತ್ತು; ಸುಣ್ಣ ಬಳಿದ ಗೋಡೆ ಹೀರಿದ ತೇವವನ್ನು ಬಿಟ್ಟುಕೊಡುತ್ತಿತ್ತು; ಅಡುಗೆಯ ಒಲೆ ಮತ್ತು ಬಚ್ಚಲ ಒಲೆ ದಿನದ ಬಹುಪಾಲು ಉರಿದು ಮನೆಯ ಒಳಭಾಗವನ್ನು ಹೊರಗಿಗಿಂತ ಎರಡು ಮೂರು ಡಿಗ್ರಿ ಬೆಚ್ಚಗಿಡುತ್ತಿದ್ದವು. ಈ ಎರಡು ಮೂರು ಡಿಗ್ರಿ ಸಣ್ಣ ಸಂಗತಿಯಲ್ಲ. 27 ಡಿಗ್ರಿಯಲ್ಲಿ ಶೇಕಡ 90 ಆರ್ದ್ರತೆಯಿರುವ ಗಾಳಿಯನ್ನು ಹಾಗೆಯೇ 30 ಡಿಗ್ರಿಗೆ ಬೆಚ್ಚಗೆ ಮಾಡಿದರೆ ಅದರ ಆರ್ದ್ರತೆ ಸುಮಾರು ಶೇಕಡ 76ಕ್ಕೆ ಇಳಿಯುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿಟ್ಟ ಕಾಳು, ಕೊಬ್ಬರಿ, ಬುಟ್ಟಿಗಳು ಕೆಡದೆ ಉಳಿಯುತ್ತಿದ್ದುದರಲ್ಲಿ ಹೊಗೆಯ ಜೊತೆಗೆ ಈ ಬಿಸಿಯ ಪಾಲೂ ಇತ್ತು.

ಗ್ಯಾಸ್ ಒಲೆ ಬಂದ ಮೇಲೆ ಲೆಕ್ಕ ತಿರುಗಿತು. ಹೆಂಗಸರ ಕಣ್ಣು ಮತ್ತು ಶ್ವಾಸಕೋಶಗಳಿಗೆ ಅದರಿಂದ ಆದ ಒಳಿತು ದೊಡ್ಡದು, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಅಡುಗೆ ಅನಿಲ ಉರಿದಾಗ ಅದರ ತೂಕದ ಒಂದೂವರೆ ಪಟ್ಟು ನೀರಾವಿ ಹುಟ್ಟುತ್ತದೆ, 14.2 ಕಿಲೋ ತೂಕದ ಒಂದು ಸಿಲಿಂಡರ್ ಮುಗಿಯುವಷ್ಟರಲ್ಲಿ 20 ಲೀಟರಿಗೂ ಮೀರಿದ ನೀರು ಆವಿಯಾಗಿ ಅಡುಗೆಮನೆಯ ಗಾಳಿಗೆ ಸೇರಿರುತ್ತದೆ. ಅಕ್ಕಿ ಬೇಯಿಸುವಾಗ ಏಳುವ ಆವಿ ಬೇರೆ. ತಾರಸಿ ಮನೆಯಲ್ಲಿ ಇದಕ್ಕೆ ಹೊರಹೋಗುವ ದಾರಿಯನ್ನು ನಾವೇ ಮಾಡಿಕೊಡಬೇಕು.

ಅದು ಬೂಷ್ಟೇ ಹೌದೇ ಎಂದು ನೋಡಿ

ಗೋಡೆಯ ಮೇಲಿನ ಎಲ್ಲ ಬಿಳುಪೂ ಬೂಷ್ಟಲ್ಲ. ಇಟ್ಟಿಗೆ, ಸಿಮೆಂಟುಗಳೊಳಗಿನ ಉಪ್ಪು ನೀರಿನೊಂದಿಗೆ ಹೊರಬಂದು ಗೋಡೆಯ ಮೇಲೆ ಹೂವಿನಂತೆ ಅರಳುತ್ತದೆ, ಬಣ್ಣವನ್ನು ಹೊಟ್ಟಿನಂತೆ ಉದುರಿಸುತ್ತದೆ. ಒಂದು ಹನಿ ನೀರು ಹಾಕಿ ನೋಡಿ: ಉಪ್ಪಾಗಿದ್ದರೆ ಕರಗಿ ಮಾಯವಾಗುತ್ತದೆ, ಬೂಷ್ಟಾಗಿದ್ದರೆ ಒದ್ದೆಯಾಗಿ ಅಲ್ಲಿಯೇ ಮೆತ್ತಿಕೊಳ್ಳುತ್ತದೆ. ಉಪ್ಪು ತೊಗಟೆಯಂತೆ ಗರಗರ ಎನ್ನುತ್ತದೆ; ಬೂಷ್ಟು ಮೆತ್ತಗೆ, ವಾಸನೆಯೊಂದಿಗೆ ಇರುತ್ತದೆ. ಹೊರಗೋಡೆಯ ಮೇಲಿನ ಹಸಿರು ಅಥವಾ ಕಪ್ಪು ಪದರ ಹೆಚ್ಚಾಗಿ ಪಾಚಿ. ಮೂರಕ್ಕೂ ಮೂಲ ನೀರೇ ಆದರೂ, ಉಪ್ಪು ಕಂಡರೆ ನೀರು ಗೋಡೆಯ ಒಳಗಿನಿಂದಲೇ ಬರುತ್ತಿದೆ ಎಂದು ಖಚಿತವಾಗಿ ಹೇಳಬಹುದು.

ಕಪ್ಪು ಮಚ್ಚೆ ಕಂಡು ಹೆದರುವವರಿಗೆ ಒಂದು ಮಾತು. 2021ರಲ್ಲಿ ಕೋವಿಡ್‌ನ ಎರಡನೆಯ ಅಲೆಯ ಸಮಯದಲ್ಲಿ ‘ಕಪ್ಪು ಶಿಲೀಂಧ್ರ’ ಎಂದು ಸುದ್ದಿಯಾದ ಮ್ಯೂಕರ್‌ಮೈಕೋಸಿಸ್ ಕಾಯಿಲೆಯೂ ಗೋಡೆಯ ಮೇಲಿನ ಸಾಮಾನ್ಯ ಕಪ್ಪು ಬೂಷ್ಟೂ ಒಂದೇ ಅಲ್ಲ. ಆ ಹೆಸರು ಬಂದದ್ದು ಸತ್ತ ಅಂಗಾಂಶ ಕಪ್ಪಾಗುವುದರಿಂದ. ಹತೋಟಿ ತಪ್ಪಿದ ಮಧುಮೇಹ ಇದ್ದವರನ್ನು ಮತ್ತು ಸ್ಟೀರಾಯ್ಡ್ ಚಿಕಿತ್ಸೆ ಪಡೆದವರನ್ನು ಅದು ಹೆಚ್ಚಾಗಿ ಕಾಡಿತು. ಗೋಡೆಯ ಬೂಷ್ಟಿನ ಅಪಾಯ ಬೇರೆ ಬಗೆಯದು. ಅದು ಅಸ್ತಮಾವನ್ನು ಕೆರಳಿಸುತ್ತದೆ, ಸೀನು, ಕೆಮ್ಮು, ಮೂಗು ಕಟ್ಟುವಿಕೆಯನ್ನು ಎಳೆದುಕೊಂಡೇ ಹೋಗುವಂತೆ ಮಾಡುತ್ತದೆ. ತೇವ ಮತ್ತು ಬೂಷ್ಟಿರುವ ಮನೆಗಳಲ್ಲಿ ಉಸಿರಾಟದ ತೊಂದರೆಗಳು ಹೆಚ್ಚು ಎಂಬುದನ್ನು ವಿಶ್ವ ಆರೋಗ್ಯ ಸಂಸ್ಥೆ 2009ರ ತನ್ನ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಹಸುಗೂಸುಗಳನ್ನು, ಅಸ್ತಮಾ ಇರುವವರನ್ನು, ರೋಗನಿರೋಧಕ ಶಕ್ತಿ ಕುಂದಿದವರನ್ನು ಅಂಥ ಕೋಣೆಯಲ್ಲಿ ಮಲಗಿಸಬಾರದು. ಬೂಷ್ಟು ಯಾವ ಜಾತಿಯದೆಂದು ಪರೀಕ್ಷೆ ಮಾಡಿಸಲು ಹಣ ಖರ್ಚು ಮಾಡುವ ಅಗತ್ಯವಿಲ್ಲ. ಬಣ್ಣ ಯಾವುದಾದರೂ ಮಾಡಬೇಕಾದ ಕೆಲಸ ಒಂದೇ.

ನೀರು ಎಲ್ಲಿಂದ ಬರುತ್ತಿದೆ

ಇಡೀ ಕೆಲಸದಲ್ಲಿ ಹೆಚ್ಚು ಸಮಯ ಕೊಡಬೇಕಾದದ್ದು ಇಲ್ಲಿ. ಮನೆಯೊಳಗೆ ತೇವ ಬರುವ ದಾರಿಗಳು ನಾಲ್ಕು: ಮೇಲಿನಿಂದ ಮತ್ತು ಪಕ್ಕದಿಂದ ಮಳೆ, ಕೆಳಗಿನಿಂದ ನೆಲದ ಪಸೆ, ಗೋಡೆಯೊಳಗಿನ ಪೈಪು, ಮತ್ತು ಗಾಳಿಯಲ್ಲಿನ ನೀರಾವಿ. ಮಚ್ಚೆ ಎಲ್ಲಿದೆ, ಯಾವಾಗ ಹೆಚ್ಚಾಗುತ್ತದೆ ಎಂಬ ಎರಡು ಪ್ರಶ್ನೆಗಳಿಂದಲೇ ಬಹಳಷ್ಟು ತಿಳಿಯುತ್ತದೆ.

ಮಚ್ಚೆ ತಾರಸಿಯ ಕೆಳಗೆ ಅಥವಾ ಗೋಡೆ ತಾರಸಿಗೆ ಕೂಡುವ ಗೆರೆಯಲ್ಲಿದ್ದು, ಜೋರು ಮಳೆಯ ಮರುದಿನ ಹಿಗ್ಗುತ್ತಿದ್ದರೆ ದೋಷ ಮೇಲಿದೆ. ತಾರಸಿಗೆ ಹತ್ತಿ, ನೀರು ಎಲ್ಲಿ ನಿಲ್ಲುತ್ತದೆ, ನೀರು ಹೋಗುವ ಬಾಯಿಗೆ ಎಲೆ ಕಟ್ಟಿದೆಯೇ, ಅಡ್ಡಗೋಡೆಯ ಬುಡದಲ್ಲಿ ಬಿರುಕಿದೆಯೇ ಎಂದು ಮಳೆ ನಿಂತ ಅರ್ಧ ಗಂಟೆಯೊಳಗೆ ನೋಡಿ. ನೈರುತ್ಯ ಮಾರುತದ ಮಳೆ ನೇರವಾಗಿ ಬೀಳದೆ ಓರೆಯಾಗಿ ಬೀಸುವುದರಿಂದ ಪಡುವಣ ಮತ್ತು ತೆಂಕಣ ಗೋಡೆಗಳು ಹೆಚ್ಚು ನೆನೆಯುತ್ತವೆ. ಅಲ್ಲಿನ ಸಾರಣೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ನೀರು ಒಳಗೆ ಸೇದಿಕೊಳ್ಳುತ್ತದೆ. ಕಿಟಕಿಯ ಕೆಳಮೂಲೆಯಲ್ಲಿ ಮಚ್ಚೆಯಿದ್ದರೆ ಚೌಕಟ್ಟು ಮತ್ತು ಗೋಡೆಯ ನಡುವಿನ ಸಂದು ಬಿಟ್ಟಿರುತ್ತದೆ, ಇಲ್ಲವೇ ಸಜ್ಜಾದ ಅಡಿಯಲ್ಲಿ ನೀರನ್ನು ತಡೆದು ಬೀಳಿಸುವ ಗೀರು ಇಲ್ಲದೆ ನೀರು ಅಂಟಿಕೊಂಡೇ ಗೋಡೆಗೆ ಹರಿಯುತ್ತಿರುತ್ತದೆ.

ನೆಲದಿಂದ ಶುರುವಾಗಿ ಮಂಡಿಯವರೆಗೋ ಸೊಂಟದವರೆಗೋ ಏರಿ, ಮೇಲೆ ಅಲೆಯಂಥ ಗೆರೆಯಲ್ಲಿ ನಿಂತ ತೇವ ಅಡಿಪಾಯದಿಂದ ಹೀರಿಕೊಂಡದ್ದು. ಅಂಗಳದ ಮಣ್ಣು ಒಳಗಿನ ನೆಲಕ್ಕಿಂತ ಎತ್ತರವಾಗಿರುವ ಕಡೆ, ಧರೆ ಕಡಿದು ಕಟ್ಟಿದ ಮನೆಯ ಹಿಂಗೋಡೆಯಲ್ಲಿ, ಗೋಡೆಗೆ ತಾಗಿಸಿ ಹೂವಿನ ಪಾತಿ ಮಾಡಿದ ಕಡೆ ಇದು ಸಾಮಾನ್ಯ. ಮುರಕಲ್ಲಿನ ಗೋಡೆಗಳು ತೂತುತೂತಾಗಿರುವುದರಿಂದ ನೀರನ್ನು ಬೇಗ ಹೀರುತ್ತವೆ.

ಬೇಸಿಗೆಯಲ್ಲಿಯೂ ಒಣಗದ ಮಚ್ಚೆ, ಅದರಲ್ಲಿಯೂ ಬಚ್ಚಲು ಅಥವಾ ಅಡುಗೆಮನೆಯ ಹಿಂಗೋಡೆಯದ್ದು, ಪೈಪಿನ ಸೋರಿಕೆ ಎಂದೇ ಮೊದಲು ಭಾವಿಸಬೇಕು. ರಾತ್ರಿ ಮಲಗುವ ಮುನ್ನ ಎಲ್ಲ ನಲ್ಲಿಗಳನ್ನು ಮುಚ್ಚಿ, ತಾರಸಿಯ ಟ್ಯಾಂಕಿಗೆ ನೀರು ಬರುವ ದಾರಿಯನ್ನೂ ನಿಲ್ಲಿಸಿ, ನೀರಿನ ಮಟ್ಟಕ್ಕೆ ಗುರುತು ಹಾಕಿಡಿ. ಯಾರೂ ನೀರು ಬಳಸದೆಯೂ ಬೆಳಿಗ್ಗೆ ಮಟ್ಟ ಇಳಿದಿದ್ದರೆ ಎಲ್ಲಿಯೋ ಸೋರುತ್ತಿದೆ. ಮಟ್ಟ ಇಳಿಯದಿದ್ದರೆ ಹೊರಹೋಗುವ ಕೊಳವೆಯನ್ನೂ ಬಚ್ಚಲಿನ ಟೈಲ್ಸ್ ಸಂದುಗಳನ್ನೂ ಅನುಮಾನಿಸಬೇಕು, ಏಕೆಂದರೆ ಅವು ಸೋರುವುದು ನೀರು ಸುರಿದಾಗ ಮಾತ್ರ.

ನಾಲ್ಕನೆಯದು ಎಲ್ಲರ ಕಣ್ತಪ್ಪಿಸುವಂಥದ್ದು. ಗೋಡೆಯೊಳಗೆ ನೀರೇ ಇರುವುದಿಲ್ಲ. ಕೋಣೆಯ ಗಾಳಿಯಲ್ಲಿನ ಆವಿ ತಂಪಾದ ಗೋಡೆಯ ಮೇಲೆ ಕೂಡುತ್ತದೆ. ಬೀರುವಿನ ಹಿಂದೆ, ಮಂಚದ ತಲೆಯ ಕಡೆ, ಎರಡು ಹೊರಗೋಡೆಗಳು ಕೂಡುವ ಮೂಲೆಯಲ್ಲಿ, ಪರದೆಯ ಮರೆಯಲ್ಲಿ, ಅಂದರೆ ಗಾಳಿ ಆಡದ ಕಡೆಗಳಲ್ಲಿ ಚುಕ್ಕೆಚುಕ್ಕೆಯಾಗಿ ಹರಡಿದ ಬೂಷ್ಟು ಇದರ ಗುರುತು.

ಒಳಗಿನ ನೀರೋ ಗಾಳಿಯ ನೀರೋ ಎಂಬ ಅನುಮಾನ ಉಳಿದರೆ ಒಂದು ಅಗ್ಗದ ಪರೀಕ್ಷೆಯಿದೆ. ಗೋಡೆಯ ಮೇಲ್ಮೈಯನ್ನು ಒರೆಸಿ ಒಣಗಿಸಿ, ಒಂದು ಅಡಿ ಚದರದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಅಂಟುಪಟ್ಟಿ ಹಾಕಿ ಗಾಳಿ ನುಗ್ಗದಂತೆ ಅಂಟಿಸಿ, ಎರಡು ದಿನ ಬಿಡಿ. ಹಾಳೆಯ ಹಿಂಬದಿಯಲ್ಲಿ, ಗೋಡೆಯ ಕಡೆ ಹನಿಗಟ್ಟಿದ್ದರೆ ನೀರು ಗೋಡೆಯಿಂದ ಬರುತ್ತಿದೆ. ಕೋಣೆಯ ಕಡೆಯ ಮುಖ ಮಾತ್ರ ತೇವವಾಗಿದ್ದರೆ ಅದು ಗಾಳಿಯದು. ಬಣ್ಣದ ಖರ್ಚಿಗೆ ಕೈಹಾಕುವ ಮೊದಲು ಪ್ರತಿಯೊಬ್ಬರೂ ಇದನ್ನು ಮಾಡಬೇಕೆಂದು ನಾನು ಒತ್ತಿ ಹೇಳುತ್ತೇನೆ.

ನೀರನ್ನು ನಿಲ್ಲಿಸುವುದು

ಪೈಪಿನ ಸೋರಿಕೆಯನ್ನು ಮಳೆಗಾಲವೆಂದು ಮುಂದೂಡದೆ ಕೂಡಲೇ ಸರಿಪಡಿಸಿ. ಗೋಡೆ ಮತ್ತು ತಾರಸಿಯ ಬಿರುಕುಗಳ ಕೆಲಸಕ್ಕೆ ಮಾತ್ರ ಫೆಬ್ರವರಿಯಿಂದ ಮೇ ಮೊದಲ ವಾರದವರೆಗಿನ ಒಣ ದಿನಗಳು ಬೇಕು. ಒದ್ದೆ ಗೋಡೆಯ ಮೇಲೆ ಹಾಕಿದ ಯಾವ ನೀರುನಿರೋಧಕ ಪದರವೂ ಹಿಡಿದು ನಿಲ್ಲುವುದಿಲ್ಲ. ಜೂನ್ ಮೊದಲ ವಾರದಲ್ಲಿ ಮುಂಗಾರು ಬರುವ ಮುನ್ನ ಒಡೆದ ಹಂಚು ಬದಲಾಯಿಸುವುದು, ಸೂರಿನ ದಂಬೆಯ ಕಸ ತೆಗೆಯುವುದು, ತಾರಸಿಯ ನೀರಿನ ಬಾಯಿ ಬಿಡಿಸುವುದು, ಗೋಡೆಗೆ ತಾಗಿದ ಮಣ್ಣನ್ನು ಸರಿಸಿ ನೀರು ಮನೆಯಿಂದ ಆಚೆಗೆ ಹರಿಯುವಂತೆ ಇಳಿಜಾರು ಮಾಡುವುದು, ಇಷ್ಟನ್ನು ಮುಗಿಸಿದರೆ ದುಬಾರಿ ರಾಸಾಯನಿಕಗಳ ಅಗತ್ಯ ಅನೇಕ ಮನೆಗಳಿಗೆ ಬೀಳುವುದೇ ಇಲ್ಲ. ಮಲೆನಾಡಿನವರು ಮಳೆ ಬಡಿಯುವ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದುದು ಈ ತಿಳಿವಿನಿಂದಲೇ. ಇಂದು ಅದೇ ಜಾಗದಲ್ಲಿ ಶೀಟಿನ ಸೂರನ್ನು ಮೂರು ಅಡಿ ಮುಂದಕ್ಕೆ ಚಾಚಿದರೂ ಫಲ ಅದೇ.

ನೆಲದ ಪಸೆ ಏರುವ ಗೋಡೆಯ ಒಳಮುಖಕ್ಕೆ ಪ್ಲಾಸ್ಟಿಕ್‌ನಂಥ ಬಣ್ಣವನ್ನೋ ಟೈಲ್ಸನ್ನೋ ಹಾಕಿ ಮುಚ್ಚುವುದು ದೊಡ್ಡ ತಪ್ಪು. ಅಲ್ಲಿ ಹೊರಬರಲಾಗದ ನೀರು ಇನ್ನೂ ಮೇಲಕ್ಕೆ ಏರುತ್ತದೆ. ಅಂಥ ಗೋಡೆಗೆ ಸುಣ್ಣವೇ ಸರಿ. ನೀರಲ್ಲಿ ಅರಳಿಸಿದ ಸುಣ್ಣ ತೀವ್ರ ಕ್ಷಾರವಾದ್ದರಿಂದ ಬೂಷ್ಟು ಅದರ ಮೇಲೆ ಸುಲಭವಾಗಿ ಬೇರೂರದು, ಗೋಡೆಯ ಉಸಿರೂ ಕಟ್ಟುವುದಿಲ್ಲ. ಬಳಿಯುವಾಗ ಕಣ್ಣಿಗೆ ಸಿಡಿಯದಂತೆ ಕನ್ನಡಕ, ಕೈಗೆ ಗವಸು ಇರಬೇಕು. ವರ್ಷಕ್ಕೊಮ್ಮೆ ಬಳಿಯುವ ಶ್ರಮವಿದೆ ಎಂಬುದು ನಿಜ, ಆದರೆ ಎರಡು ವರ್ಷಕ್ಕೊಮ್ಮೆ ಸುಲಿದು ಬೀಳುವ ಬಣ್ಣಕ್ಕಿಂತ ಅದು ಅಗ್ಗ.

ಒರೆಸುವ ಕೆಲಸ

ನೀರು ನಿಂತ ಮೇಲೆ ಬೂಷ್ಟನ್ನು ತೆಗೆಯಿರಿ. ಎಲ್ಲ ಸೇರಿ ಸುಮಾರು ಒಂದು ಚದರ ಮೀಟರಿನಷ್ಟಿದ್ದರೆ ಮನೆಯವರೇ ಮಾಡಬಹುದು. ಇಡೀ ಗೋಡೆ ಹಿಡಿದಿದ್ದರೆ, ಸುಳ್ಳು ಚಾವಣಿಯೊಳಗೆ ಹರಡಿದ್ದರೆ, ಚರಂಡಿಯ ನೀರು ನುಗ್ಗಿ ಬಂದದ್ದಾದರೆ ಅನುಭವಿಗಳಿಂದ ಮಾಡಿಸಿ. ಅಸ್ತಮಾ ಇರುವವರು ಈ ಕೆಲಸಕ್ಕೆ ಇಳಿಯಲೇಬಾರದು. ಎನ್95 ಮುಖಗವಸು, ರಬ್ಬರ್ ಕೈಗವಸು, ಕಣ್ಣಿಗೆ ಮುಚ್ಚಿದ ಕನ್ನಡಕ ಧರಿಸಿ. ಕೋಣೆಯ ಬಾಗಿಲನ್ನು ಒಳಮನೆಯ ಕಡೆಗೆ ಮುಚ್ಚಿ, ಕಿಟಕಿ ತೆರೆಯಿರಿ. ಫ್ಯಾನ್ ಹಾಕಬೇಡಿ, ಬೀಜಕಣಗಳು ಮನೆಯೆಲ್ಲ ಹಾರುತ್ತವೆ. ಒಣ ಪೊರಕೆಯಿಂದ ಗುಡಿಸುವುದೂ ಒಣ ಬ್ರಷ್ಷಿನಿಂದ ಉಜ್ಜುವುದೂ ಇದೇ ಕಾರಣಕ್ಕೆ ತಪ್ಪು.

ಮೊದಲು ಮಚ್ಚೆಯ ಮೇಲೆ ನೀರು ಚಿಮುಕಿಸಿ ಒದ್ದೆ ಮಾಡಿ. ಬಟ್ಟೆ ತೊಳೆಯುವ ಪುಡಿಯನ್ನು ಬಿಸಿನೀರಿಗೆ ಬೆರೆಸಿ, ಬ್ರಷ್ಷಿನಿಂದ ಉಜ್ಜಿ, ಹಳೆಯ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯಿರಿ. ಮತ್ತೊಮ್ಮೆ ಸ್ವಚ್ಛ ನೀರಿನಲ್ಲಿ ಒರೆಸಿ, ಆಮೇಲೆ ಕಿಟಕಿಗೆ ಮುಖ ಮಾಡಿ ಫ್ಯಾನ್ ಇಟ್ಟು ಒಂದೇ ದಿನದಲ್ಲಿ ಒಣಗಿಸಿ. ಟೈಲ್ಸ್, ಗಾಜು, ಲೋಹ, ಗಟ್ಟಿ ಬಣ್ಣದ ಗೋಡೆಗೆ ಹೆಚ್ಚಾಗಿ ಇಷ್ಟೇ ಸಾಕು. ಬೂಷ್ಟು ಸತ್ತರಷ್ಟೇ ಸಾಲದು, ಅದು ಅಲ್ಲಿಂದ ಹೋಗಬೇಕು. ಸತ್ತ ಬೂಷ್ಟೂ ಅಲರ್ಜಿ ಉಂಟುಮಾಡುತ್ತದೆ.

ಬಚ್ಚಲಿನ ಟೈಲ್ಸ್ ಸಂದುಗಳ ಕಪ್ಪು ಕಲೆ ಬಿಡದಿದ್ದರೆ ಒಂದು ಲೀಟರ್ ನೀರಿಗೆ 15 ಗ್ರಾಂ ಬ್ಲೀಚಿಂಗ್ ಪೌಡರ್ ಕದಡಿ, ಗಷ್ಟು ಇಳಿದ ಮೇಲೆ ತಿಳಿಯನ್ನು ಮಾತ್ರ ಹಚ್ಚಿ, ಹತ್ತು ನಿಮಿಷದ ನಂತರ ತೊಳೆಯಿರಿ. ಮರ, ಪ್ಲೈವುಡ್, ಸಾರಣೆಗೆ ಇದು ಹಿಡಿಸದು: ಮೇಲಿನ ಬಣ್ಣ ಹೋಗುತ್ತದೆ, ಒಳಗಿಳಿದ ಬೇರು ಉಳಿಯುತ್ತದೆ, ಮೇಲಾಗಿ ಬ್ಲೀಚಿನ ನೀರೇ ಒಳಗೆ ಸೇರುತ್ತದೆ. ಇಲ್ಲಿ ಒಂದು ಎಚ್ಚರಿಕೆಯನ್ನು ಮರೆಯಲೇಬಾರದು. ಬ್ಲೀಚಿಂಗ್ ಪೌಡರನ್ನಾಗಲಿ ಬ್ಲೀಚ್ ದ್ರವವನ್ನಾಗಲಿ ಶೌಚಾಲಯ ತೊಳೆಯುವ ಆಮ್ಲದೊಂದಿಗೆ, ವಿನೆಗರಿನೊಂದಿಗೆ, ಅಮೋನಿಯಾ ಇರುವ ದ್ರವದೊಂದಿಗೆ ಬೆರೆಸಬೇಡಿ, ಒಂದರ ಹಿಂದೆ ಒಂದನ್ನು ಹಚ್ಚಲೂ ಬೇಡಿ. ಆಮ್ಲ ಸೇರಿದರೆ ಕ್ಲೋರಿನ್ ಅನಿಲ, ಅಮೋನಿಯಾ ಸೇರಿದರೆ ಕ್ಲೋರಮೀನ್ ಏಳುತ್ತವೆ. ಮುಚ್ಚಿದ ಬಚ್ಚಲಿನಲ್ಲಿ ಇವು ಪ್ರಾಣಕ್ಕೆ ಅಪಾಯ ತರಬಲ್ಲವು. ವಿನೆಗರನ್ನು ಪ್ರತ್ಯೇಕವಾಗಿ ಬಳಸಬಹುದು, ಆದರೆ ಅಮೃತಶಿಲೆ ಮತ್ತು ಮೊಸಾಯಿಕ್ ನೆಲದ ಹೊಳಪನ್ನು ಅದು ತಿನ್ನುತ್ತದೆ.

ಸಾರಣೆಯೊಳಗೇ ಬೂಷ್ಟು ಇಳಿದು ಪುಟ್ಟಿ ಉಬ್ಬಿದ್ದರೆ, ಒದ್ದೆ ಮಾಡಿಕೊಂಡೇ ಕೆರೆದು ತೆಗೆದು, ಬೇಸಿಗೆಯವರೆಗೆ ಗೋಡೆಯನ್ನು ಬರಿಯಾಗಿ ಬಿಡಿ. ನೋಡಲು ಚೆನ್ನಾಗಿರುವುದಿಲ್ಲ, ಆದರೆ ಬಣ್ಣದಂಗಡಿಯವರು ಏನೇ ಹೇಳಿದರೂ ಹಸಿ ಗೋಡೆಗೆ ಬಣ್ಣ ಹೊಡೆಯಬೇಡಿ. ಬೂಷ್ಟು ಹಿಡಿದ ಹತ್ತಿಯ ದಿಂಬು, ಫೋಮ್ ಹಾಸಿಗೆ, ಉಬ್ಬಿದ ಪಾರ್ಟಿಕಲ್ ಬೋರ್ಡ್ ಇವುಗಳನ್ನು ಉಳಿಸಿಕೊಳ್ಳಲು ಹೆಣಗಬೇಡಿ, ಅವು ಹೋಗಲಿ.

ಗಾಳಿಯನ್ನು ಒಣಗಿಸುವುದು

ಮೊದಲು ಒಂದು ಸಣ್ಣ ಆರ್ದ್ರತಾ ಮಾಪಕವನ್ನು ಕೊಂಡುಕೊಳ್ಳಿ. ಅದು ಸರಿಯಿದೆಯೇ ಎಂದು ನೋಡುವುದೂ ಸುಲಭ: ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕೆಸರಿನಂತಾಗುವಷ್ಟೇ ನೀರು ಬೆರೆಸಿ, ಮಾಪಕದೊಂದಿಗೆ ಗಾಳಿಯಾಡದ ಡಬ್ಬಿಯಲ್ಲಿ ಎಂಟು ಹತ್ತು ಗಂಟೆ ಮುಚ್ಚಿಟ್ಟರೆ ಶೇಕಡ 75 ತೋರಿಸಬೇಕು. ಎಷ್ಟು ಹೆಚ್ಚುಕಡಿಮೆ ತೋರಿಸುತ್ತದೆಯೋ ಅಷ್ಟನ್ನು ಕೂಡಿ ಕಳೆದು ಓದಿಕೊಳ್ಳಿ.

ಕೋಣೆಯೊಳಗೆ ಬಟ್ಟೆ ಒಣಗಿಸುವುದು ಮಳೆಗಾಲದ ದೊಡ್ಡ ಶತ್ರು. ಮೂರು ಮೀಟರ್ ಅಗಲ, ನಾಲ್ಕು ಮೀಟರ್ ಉದ್ದ, ಮೂರು ಮೀಟರ್ ಎತ್ತರದ ಒಂದು ಕೋಣೆಯ ಗಾಳಿ 27 ಡಿಗ್ರಿಯಲ್ಲಿ ಹಿಡಿದಿಡಬಲ್ಲ ಒಟ್ಟು ನೀರಾವಿ ಒಂದು ಲೀಟರಿಗಿಂತಲೂ ಕಡಿಮೆ. ಮಳೆಗಾಲದಲ್ಲಿ ಅದರ ಬಹುಪಾಲು ಆಗಲೇ ತುಂಬಿರುತ್ತದೆ. ವಾಷಿಂಗ್ ಮೆಷಿನ್ನಿನಿಂದ ಹಿಂಡಿ ತೆಗೆದ ಒಂದು ಹೊರೆ ಬಟ್ಟೆಯಲ್ಲಿಯೇ ಎರಡು ಲೀಟರಿಗೂ ಹೆಚ್ಚು ನೀರು ಉಳಿದಿರುತ್ತದೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಅದು ಗಾಳಿಯಲ್ಲಿ ಹಿಡಿಸದೆ ಗೋಡೆ, ಹಾಸಿಗೆ, ಪುಸ್ತಕಗಳಿಗೆ ಹೋಗುತ್ತದೆ. ಸೂರಿನ ಕೆಳಗಿನ ಜಗಲಿಯಲ್ಲಿ ಒಣಗಿಸಿ. ಅದಿಲ್ಲದ ಫ್ಲ್ಯಾಟಿನಲ್ಲಿ ಎಲ್ಲ ಬಟ್ಟೆಯನ್ನೂ ಒಂದೇ ಕೋಣೆಗೆ ಸೀಮಿತಗೊಳಿಸಿ, ಎರಡು ಸಲ ಹಿಂಡಿಸಿ, ಬಾಗಿಲು ಮುಚ್ಚಿ, ಕಿಟಕಿ ತೆರೆದು ಫ್ಯಾನ್ ಹಾಕಿ. ಕೆಂಡದ ಬಾನಿಯ ಮೇಲೆ ಬಟ್ಟೆ ಒಣಗಿಸುವ ರೂಢಿ ಕೆಲವೆಡೆ ಇನ್ನೂ ಇದೆ. ಹಂಚಿನ ಮನೆಯ ತೆರೆದ ಬಚ್ಚಲಿನಲ್ಲಿ ಅದು ನಡೆಯುತ್ತಿತ್ತು, ಮುಚ್ಚಿದ ತಾರಸಿ ಕೋಣೆಯಲ್ಲಿ ಅದರ ಕಾರ್ಬನ್ ಮಾನಾಕ್ಸೈಡ್ ಮಲಗಿದವರನ್ನು ಕೊಲ್ಲುತ್ತದೆ.

ಅಡುಗೆ ಮಾಡುವಾಗ ಮತ್ತು ಸ್ನಾನವಾದ ಮೇಲೆ ಅರ್ಧ ಗಂಟೆ ಗಾಳಿ ಹೊರದೂಡುವ ಫ್ಯಾನ್ ಓಡಲಿ. ಉಳಿದ ಸಮಯದಲ್ಲಿ ಕಿಟಕಿಯನ್ನು ಯಾವಾಗ ತೆರೆಯಬೇಕೆಂಬುದಕ್ಕೆ ಸುಲಭದ ನಿಯಮ: ಜಡಿಮಳೆಯ ಹೊತ್ತಿನಲ್ಲಿ ಮುಚ್ಚಿ, ಮಳೆ ಹೊಳವಾಗಿ ಬಿಸಿಲು ಇಣುಕಿದಾಗ ಎದುರುಬದುರಿನ ಕಿಟಕಿಗಳನ್ನು ಒಟ್ಟಿಗೆ ತೆರೆಯಿರಿ. ಬೀರು, ಮಂಚಗಳನ್ನು ಹೊರಗೋಡೆಯಿಂದ ನಾಲ್ಕು ಬೆರಳು ಸರಿಸಿ. ಈ ಒಂದು ಕೆಲಸಕ್ಕೆ ಕಾಸು ಖರ್ಚಿಲ್ಲ, ಆದರೂ ಇದರಿಂದ ಸಿಗುವ ಲಾಭ ಆಶ್ಚರ್ಯ ಹುಟ್ಟಿಸುವಂಥದ್ದು.

ಎಸಿ ಇರುವವರು ಅದನ್ನು ತೇವ ತೆಗೆಯುವ ‘ಡ್ರೈ’ ಕ್ರಮದಲ್ಲಿ ಅಥವಾ 25, 26 ಡಿಗ್ರಿಯಲ್ಲಿ ನಡೆಸಬೇಕು. 27 ಡಿಗ್ರಿಯ, ಶೇಕಡ 85 ಆರ್ದ್ರತೆಯ ಹೊರಗಾಳಿ ಸುಮಾರು 24 ಡಿಗ್ರಿಗೆ ತಂಪಾದೊಡನೆ ಹನಿಗಟ್ಟುತ್ತದೆ. ಕೋಣೆಯನ್ನು 18 ಡಿಗ್ರಿಗೆ ತಂದು, ಬೆಳಿಗ್ಗೆ ಎದ್ದೊಡನೆ ಕಿಟಕಿ ತೆರೆದರೆ ಆ ತಂಪು ಗೋಡೆಗಳ ಮೇಲೆ ಇಬ್ಬನಿ ಬಿದ್ದಂತಾಗುತ್ತದೆ. ಪಕ್ಕದ ಕೋಣೆಯ ಗೋಡೆಯ ಆಚೆಮುಖದಲ್ಲಿಯೂ ಬೂಷ್ಟು ಏಳುತ್ತದೆ. ಎಸಿಯ ನೀರು ಹೊರಹೋಗುವ ಕೊಳವೆ ಕಟ್ಟಿ ಗೋಡೆಯೊಳಗೆ ಸೋರುವುದೂ ಅಪರೂಪವಲ್ಲ. ಆರ್ದ್ರತೆ ತೆಗೆಯುವ ಯಂತ್ರ, ಅಂದರೆ ಡಿಹ್ಯುಮಿಡಿಫೈಯರ್, ಕೊಳ್ಳಬಲ್ಲವರಿಗೆ ಒಳ್ಳೆಯದೇ. ಅದನ್ನು ಕಿಟಕಿ ಬಾಗಿಲು ಮುಚ್ಚಿಯೇ ನಡೆಸಬೇಕು, ಇಲ್ಲದಿದ್ದರೆ ಅದು ಅರಬ್ಬಿ ಸಮುದ್ರವನ್ನೇ ಒಣಗಿಸಲು ಹೊರಟಂತೆ.

ಬೀರು, ಸೀರೆ, ಪುಸ್ತಕ

ಇಲ್ಲಿ ಮೊದಲ ನಿಯಮವೆಂದರೆ ಚೆನ್ನಾಗಿ ಒಣಗಿದ್ದನ್ನು ಮಾತ್ರ ಒಳಗಿಡುವುದು. ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ಆವಿ ಉಳಿದಿರುತ್ತದೆ. ಒಂದು ಗಂಟೆ ಹೊರಗೆ ಆರಲು ಬಿಟ್ಟು ಮಡಿಚಿ. ರೇಷ್ಮೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟದೆ ಹಳೆಯ ಮೆತ್ತನೆಯ ಹತ್ತಿಬಟ್ಟೆಯಲ್ಲಿ ಸುತ್ತಿ, ಮಳೆ ಬಿಟ್ಟ ದಿನಗಳಲ್ಲಿ ನೆರಳಿನಲ್ಲಿ ಗಾಳಿಗೆ ಹರವಿ ಮಡಿಕೆ ಬದಲಿಸಿ. ನುಸಿಗುಳಿಗೆ ಮತ್ತು ಬೇವಿನ ಸೊಪ್ಪು ಹುಳುವಿಗೆ ಮದ್ದು, ಬೂಷ್ಟಿಗಲ್ಲ. ತೇವ ಹೀರಲು ಅಂಗಡಿಯಲ್ಲಿ ಸಿಗುವ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿಗಳು ಮುಚ್ಚಿದ ಬೀರುವಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತವೆ. ಆದರೆ ಅವುಗಳಲ್ಲಿ ಕೂಡುವ ನೀರು ಚೆಲ್ಲಿದರೆ ಬಟ್ಟೆ ಮತ್ತು ಕಬ್ಬಿಣ ಎರಡೂ ಹಾಳು, ಆದ್ದರಿಂದ ಅವುಗಳನ್ನು ಕೆಳಗಿನ ಅರೆಯಲ್ಲಿ ತಟ್ಟೆಯ ಮೇಲಿಡಿ. ಕ್ಯಾಮೆರಾ, ದುರ್ಬೀನುಗಳಿಗೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಸರಿ. ಅದನ್ನು ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು.

ಪುಸ್ತಕಗಳನ್ನು ಹೊರಗೋಡೆಗೆ ಆನಿಸಿಡಬೇಡಿ, ಅರೆಯಲ್ಲಿ ಒತ್ತೊತ್ತಾಗಿ ತುರುಕಬೇಡಿ. ಬೂಷ್ಟು ಹಿಡಿದ ಪುಸ್ತಕವನ್ನು ಉಳಿದವುಗಳಿಂದ ಬೇರ್ಪಡಿಸಿ, ಪುಟಗಳನ್ನು ಬಿಡಿಸಿ ಫ್ಯಾನಿನ ಗಾಳಿಗೆ ಪೂರ್ತಿ ಒಣಗಿಸಿ, ಆಮೇಲೆ ಮುಖಗವಸು ಹಾಕಿಕೊಂಡು ಜಗಲಿಗೆ ಒಯ್ದು ಮೆತ್ತನೆಯ ಬ್ರಷ್ಷಿನಿಂದ ಹೊರಮುಖವಾಗಿ ತಟ್ಟಿ ತೆಗೆಯಿರಿ. ಗೋಡೆಗೆ ಹೇಳಿದ್ದಕ್ಕೆ ಇದು ವಿರುದ್ಧವಾಗಿ ಕಾಣಬಹುದು, ಆದರೆ ಒದ್ದೆಯಾಗಿರುವಾಗ ಒರೆಸಿದರೆ ಕಲೆ ಕಾಗದದೊಳಗೇ ಇಳಿಯುತ್ತದೆ.

ಅಡುಗೆಮನೆಯ ಕಪಾಟಿನಲ್ಲಿ

ಮನೆಯ ಬೂಷ್ಟಿನಲ್ಲಿ ಯಾವ ರಾಜಿಗೂ ಅವಕಾಶವಿಲ್ಲದ ಜಾಗವೆಂದರೆ ಆಹಾರ. ಕಡಲೆಕಾಯಿ, ಜೋಳ, ಒಣಮೆಣಸು, ಕೊಬ್ಬರಿ ಇವುಗಳ ಮೇಲೆ ಬೆಳೆಯುವ ಆಸ್ಪರ್ಜಿಲಸ್ ಜಾತಿಯ ಕೆಲವು ಶಿಲೀಂಧ್ರಗಳು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತವೆ. ಅದು ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗಬಲ್ಲದು, ಹುರಿದರೂ ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ತೊಳೆದು ಒಣಗಿಸಿದರೆ ಸರಿಹೋಗುತ್ತದೆ ಎಂಬ ನಂಬಿಕೆ ತಪ್ಪು. ಅವನ್ನು ದನಕರುಗಳಿಗೂ ಹಾಕಬೇಡಿ. ಹಸು ತಿಂದ ವಿಷದ ಒಂದು ಪಾಲು ಹಾಲಿಗೆ ಬರುತ್ತದೆ. ಬ್ರೆಡ್ಡಿನ ಒಂದು ಮೂಲೆಯಲ್ಲಿ ಬೂಷ್ಟು ಕಂಡರೆ ಇಡೀ ಪೊಟ್ಟಣವನ್ನು, ಉಪ್ಪಿನಕಾಯಿಯ ಮೇಲೆ ಕೆನೆಗಟ್ಟಿದಂತೆ ಬೂಷ್ಟು ಬಂದಿದ್ದರೆ ಇಡೀ ಭರಣಿಯನ್ನು ಬಿಟ್ಟುಬಿಡಿ, ಮೇಲಿನ ಪದರ ತೆಗೆದು ಕೆಳಗಿನದನ್ನು ತಿನ್ನಬೇಡಿ.

ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಒಣಗಿಸಿದ ಹಪ್ಪಳ, ಸಂಡಿಗೆ, ಮೆಣಸನ್ನು ಬಿಸಿ ಪೂರ್ತಿ ಆರಿದ ಮೇಲೆ ಡಬ್ಬಿಗೆ ತುಂಬಿ. ಬಿಸಿಯಿದ್ದಾಗಲೇ ಮುಚ್ಚಿದರೆ ಒಳಗೇ ಆವಿ ಹನಿಗಟ್ಟುತ್ತದೆ. ದೊಡ್ಡ ಡಬ್ಬಿ ಒಂದರ ಬದಲು ಸಣ್ಣವು ನಾಲ್ಕಿರಲಿ, ದಿನವೂ ತೆರೆಯುವುದು ಒಂದನ್ನೇ ಆಗಿರಲಿ. ಒದ್ದೆ ಚಮಚ ಒಳಗೆ ಹೋಗದಂತೆ ಪ್ರತಿ ಡಬ್ಬಿಗೂ ಅದರದ್ದೇ ಒಣ ಚಮಚವನ್ನು ಒಳಗೇ ಇಟ್ಟುಬಿಡಿ.